ಪ್ಲಾಟ್‌ಫಾರಂ ಟಿಕೆಟ್: ರೈಲು ಹತ್ತಿಸಲು, ಕರೆದುಕೊಂಡು ಬರಲು ಹೋಗುವವರಿಗೆ

"ಅಪ್ಪ ಅಮ್ಮನನ್ನು ರೈಲು ಹತ್ತಿಸಬೇಕು, ಪ್ಲಾಟ್‌ಫಾರಂವರೆಗೆ ಬಿಡ್ತಾರಾ?" "ಬರೀ ಐದು ನಿಮಿಷ ಒಳಗೆ ಹೋಗಿ ಬರೋದಕ್ಕೂ ಟಿಕೆಟ್ ಬೇಕಾ?" "ಮೊಬೈಲಲ್ಲಿ ತೆಗೆಯೋಕೆ ಹೋದ್ರೆ ಆಗ್ತಾನೇ ಇಲ್ಲ, ಯಾಕೆ?" ಹಬ್ಬ ಹತ್ತಿರ ಬಂದಾಗಲೆಲ್ಲ ಓದುಗರು ಕೇಳುವುದು ಇದನ್ನೇ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಹತ್ತು ರೂಪಾಯಿ ಟಿಕೆಟ್ ತೆಗೆಯುವುದು ದೊಡ್ಡ ಕೆಲಸವಲ್ಲ. ಜನ ಎಡವುವುದು ಬೇರೆ ಕಡೆ. ತುಂಬಾ ಮುಂಚೆ ತೆಗೆದುಬಿಡುತ್ತಾರೆ, ಬೇರೆ ಸ್ಟೇಷನ್ನಿನದು ತೆಗೆಯುತ್ತಾರೆ, ಇಲ್ಲವೇ ಮಾರಾಟವೇ ನಿಂತಿರುವ ದಿನ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗುತ್ತಾರೆ. ಹಾಗಾಗಿ ಈ ಮೂರರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಪ್ರಯಾಣವೇ ಮಾಡದವರಿಗೆ ಟಿಕೆಟ್ ಯಾಕೆ?

ಒಂದು ರೈಲು ಬಂದು ನಿಂತಿದೆ, ನೂರಾರು ಜನ ಇಳಿದು ಗೇಟಿನ ಕಡೆ ಬರುತ್ತಿದ್ದಾರೆ ಅಂದುಕೊಳ್ಳಿ. ಅವರ ನಡುವೆ ನೀವೂ ಬರುತ್ತೀರಿ. ನೀವು ಅತ್ತೆಯವರನ್ನು ಕರೆದುಕೊಂಡು ಹೋಗಲು ಬಂದವರೋ, ಟಿಕೆಟ್ ಇಲ್ಲದೆ ರೈಲಿನಲ್ಲಿ ಬಂದು ಇಳಿದವರೋ ಎಂದು ತಪಾಸಣೆ ಮಾಡುವವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ನಿಮ್ಮ ಕೈಯಲ್ಲಿರುವ ಸಾಕ್ಷಿಯೇ ಪ್ಲಾಟ್‌ಫಾರಂ ಟಿಕೆಟ್. ಅದಿಲ್ಲದೆ ಸಿಕ್ಕಿಬಿದ್ದರೆ ಟಿಕೆಟ್ ಇಲ್ಲದ ಪ್ರಯಾಣಿಕರ ಲೆಕ್ಕಕ್ಕೆ ಸೇರುತ್ತೀರಿ. ಕನಿಷ್ಠ 250 ರೂಪಾಯಿ ದಂಡ ಕಟ್ಟಬೇಕು, ಅದರ ಮೇಲೆ ರೈಲಿನ ಚಾರ್ಜನ್ನೂ ಸೇರಿಸಬಹುದು. ಇದಲ್ಲದೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಇದೆ. ಅನುಮತಿ ಇಲ್ಲದೆ ರೈಲ್ವೆ ಜಾಗದೊಳಗೆ ಹೋದವರಿಗೆ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಹಾಕಲು ಅದರಲ್ಲಿ ಅವಕಾಶವಿದೆ. ಇದು ಜಾಸ್ತಿ ಬಳಕೆಯಾಗುವುದು ಹಳಿ ದಾಟುವವರ ಮೇಲೆ. ಆದರೂ ಕಾನೂನು ಇದೆ ಅನ್ನುವುದು ಗೊತ್ತಿರಲಿ.

ಇನ್ನೊಂದು ಕಾರಣ, ಜನಸಂದಣಿ. ಪ್ಲಾಟ್‌ಫಾರಂ ಮೇಲೆ ಎಷ್ಟು ಜನ ಹಿಡಿಯುತ್ತಾರೆ ಎನ್ನುವುದಕ್ಕೆ ಮಿತಿ ಇದೆ. ಎಷ್ಟು ಪ್ಲಾಟ್‌ಫಾರಂ ಟಿಕೆಟ್ ಮಾರಬಹುದು ಎಂಬುದೂ ಅದನ್ನೇ ಅವಲಂಬಿಸಿದೆ. ದುಡ್ಡು ಕೊಟ್ಟರೆ ಸಿಕ್ಕೇ ಸಿಗಬೇಕು ಎನ್ನುವ ಹಕ್ಕು ಇದಲ್ಲ.

ಹಂತ 1: ಒಳಗೆ ಯಾರು ಹೋಗಬೇಕು, ತೀರ್ಮಾನ ಮಾಡಿ

ಮನೆಯಿಂದ ಹೊರಡುವ ಮೊದಲೇ ಇದನ್ನು ಮಾತಾಡಿಕೊಳ್ಳಿ. ಒಬ್ಬರು ಊರಿಗೆ ಹೊರಟರೆ ಆರು ಜನ ಪ್ಲಾಟ್‌ಫಾರಂಗೆ ಹೋಗುವುದು ನಮ್ಮಲ್ಲಿ ಮಾಮೂಲು. ಪ್ರೀತಿಯಿಂದಲೇ ಹೋಗುತ್ತಾರೆ, ಸರಿ. ಆದರೆ ಮೂರು ನಿಮಿಷ ನಿಲ್ಲುವ ರೈಲಿನ ಬಾಗಿಲಲ್ಲಿ ಆರು ಜನ ನಿಂತರೆ ಹತ್ತುವವರಿಗೂ ಇಳಿಯುವವರಿಗೂ ದಾರಿ ಇರುವುದಿಲ್ಲ. ನನ್ನ ಪ್ರಕಾರ ವಯಸ್ಸಾದವರು, ಹುಷಾರಿಲ್ಲದವರು, ಕೈಮಗು ಇರುವ ತಾಯಂದಿರು, ಮೊದಲ ಸಲ ಒಬ್ಬರೇ ಹೊರಟವರು, ಬೋರ್ಡು ಓದಲು ಬಾರದವರು, ಇವರ ಜತೆ ಖಂಡಿತ ಒಬ್ಬರು ಹೋಗಬೇಕು. ಭಾರ ಹೊರಬಲ್ಲ, ಬೋಗಿ ಹುಡುಕಬಲ್ಲ ಒಬ್ಬರಾದರೆ ಸಾಕು. ಉಳಿದವರು ಸ್ಟೇಷನ್ ಮುಂದೆಯೇ ನಮಸ್ಕಾರ, ಅಪ್ಪುಗೆ, ಕುಂಕುಮ ಎಲ್ಲ ಮುಗಿಸಿಕೊಳ್ಳಿ.

ಪ್ಲಾಟ್‌ಫಾರಂ ಟಿಕೆಟ್ ತಲೆಗೊಂದು. ಒಬ್ಬರ ಟಿಕೆಟ್‌ನಲ್ಲಿ ಇಬ್ಬರು ಹೋಗುವಂತಿಲ್ಲ. ಪ್ರಯಾಣದ ಟಿಕೆಟ್ ಇರುವವರಿಗೆ ಇದು ಬೇಡ.

ಹಂತ 2: ಯಾವ ಸ್ಟೇಷನ್, ರೈಲು ಈಗ ಎಲ್ಲಿದೆ, ನೋಡಿಕೊಳ್ಳಿ

ಪ್ಲಾಟ್‌ಫಾರಂ ಟಿಕೆಟ್ ಯಾವ ಸ್ಟೇಷನ್ನಿನದೋ ಅಲ್ಲಿಗೆ ಮಾತ್ರ ನಡೆಯುತ್ತದೆ. ಬೆಂಗಳೂರಿನಲ್ಲಿ ಇದು ದೊಡ್ಡ ಗೊಂದಲ. ಮೆಜೆಸ್ಟಿಕ್ ಎದುರಿನ ಕೆಎಸ್‌ಆರ್ ಬೆಂಗಳೂರು, ಯಶವಂತಪುರ, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಮೂರೂ ದೊಡ್ಡ ಸ್ಟೇಷನ್‌ಗಳೇ. ವಿಶ್ವೇಶ್ವರಯ್ಯ ಟರ್ಮಿನಲ್ ಶುರುವಾಗಿದ್ದು 2022ರ ಜೂನ್‌ನಲ್ಲಿ. ಆಮೇಲೆ ಎಷ್ಟೋ ರೈಲುಗಳು ಅಲ್ಲಿಂದ ಹೊರಡತೊಡಗಿದವು. ಹಳೇ ಅಭ್ಯಾಸದಲ್ಲಿ "ಸಿಟಿ ಸ್ಟೇಷನ್ ಇರಬೇಕು ಬಿಡು" ಅಂತ ಮೆಜೆಸ್ಟಿಕ್‌ಗೆ ಹೋದರೆ ರೈಲೂ ಇಲ್ಲ, ಟಿಕೆಟೂ ದಂಡ. ಮಂಗಳೂರಿನಲ್ಲೂ ಸೆಂಟ್ರಲ್ ಬೇರೆ, ಜಂಕ್ಷನ್ ಬೇರೆ. ಪ್ರಯಾಣದ ಟಿಕೆಟ್ ಮೇಲೆ ಸ್ಟೇಷನ್ ಹೆಸರಿನ ಪಕ್ಕ ಅದರ ಕೋಡ್ ಇರುತ್ತದೆ: ಎಸ್‌ಬಿಸಿ ಅಂದರೆ ಕೆಎಸ್‌ಆರ್ ಬೆಂಗಳೂರು, ವೈಪಿಆರ್ ಅಂದರೆ ಯಶವಂತಪುರ, ಎಸ್‌ಎಂವಿಬಿ ಅಂದರೆ ವಿಶ್ವೇಶ್ವರಯ್ಯ ಟರ್ಮಿನಲ್. ಕರೆದುಕೊಂಡು ಬರಲು ಹೋಗುವವರು ಊರಿಂದ ಬರುತ್ತಿರುವವರ ಬಳಿ ಆ ಕೋಡ್ ಕೇಳಿಕೊಳ್ಳಿ. ಹೆಸರು ಕೇಳಿದರೆ ಅವರೂ "ಬೆಂಗಳೂರು" ಅಂತಲೇ ಹೇಳುತ್ತಾರೆ.

ಆಮೇಲೆ ರೈಲಿನ ಹೊತ್ತು. ಎನ್‌ಟಿಇಎಸ್ ಅಂತ ರೈಲ್ವೆಯದೇ ಆಪ್ ಇದೆ. ರೈಲು ಈಗ ಎಲ್ಲಿದೆ, ಎಷ್ಟು ತಡ ಎನ್ನುವುದನ್ನು ಅದರಲ್ಲಿ ನೋಡಬಹುದು. ಫೋನಿನಲ್ಲಿ ಕೇಳುವುದಾದರೆ 139. ಇದನ್ನು ನೋಡದೆ ಟಿಕೆಟ್ ತೆಗೆಯಬೇಡಿ. ಯಾಕೆ ಅಂದರೆ ಪ್ಲಾಟ್‌ಫಾರಂ ಟಿಕೆಟ್‌ಗೆ ಆಯುಸ್ಸು ಬರೀ 2 ಗಂಟೆ. ನೀವು ಒಳಗೆ ಕಾಲಿಟ್ಟ ಹೊತ್ತಿನಿಂದಲ್ಲ, ಟಿಕೆಟ್ ಕೊಟ್ಟ ಹೊತ್ತಿನಿಂದ. ಆ ಸಮಯ ಟಿಕೆಟ್ ಮೇಲೇ ಅಚ್ಚಾಗಿರುತ್ತದೆ. ಆರು ಗಂಟೆಗೆ ತೆಗೆದು, ಹೊರಗೆ ಕಾಫಿ ಕುಡಿದು ಏಳಕ್ಕೆ ಒಳಗೆ ಹೋದರೆ ಉಳಿಯುವುದು ಒಂದೇ ಗಂಟೆ. ರೈಲು ತಡವಾಗಿ ಎಂಟು ದಾಟಿದರೆ ನೀವು ಟಿಕೆಟ್ ಇಲ್ಲದವರೇ. "ರೈಲು ತಡ ಆಗಿದ್ದು ನಿಮ್ಮದೇ ತಪ್ಪಲ್ವಾ" ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಹೊರಗೆ ಬಂದು ಹೊಸ ಟಿಕೆಟ್ ತೆಗೆದುಕೊಳ್ಳುವುದೊಂದೇ ದಾರಿ.

ಹಂತ 3: ಟಿಕೆಟ್ ತೆಗೆದುಕೊಳ್ಳಿ

ದರ 10 ರೂಪಾಯಿ. ಐದು ರೂಪಾಯಿ ಇದ್ದದ್ದು ಹತ್ತಾಗಿದ್ದು 2015ರ ಏಪ್ರಿಲ್ 1ರಿಂದ. 2024ರ ಜುಲೈನಿಂದ ಇದಕ್ಕೆ ಜಿಎಸ್‌ಟಿಯೂ ಇಲ್ಲ. ಆದರೆ ಹಬ್ಬ, ಜಾತ್ರೆಗಳ ಜನಸಂದಣಿ ಹೊತ್ತಲ್ಲಿ ದರ ಏರಿಸುವ ಅಧಿಕಾರ ಡಿಆರ್‌ಎಂಗೆ, ಅಂದರೆ ಆ ವಿಭಾಗದ ರೈಲ್ವೆ ಮುಖ್ಯಸ್ಥರಿಗೆ, ಇದೆ. ಕೋವಿಡ್ ಸಮಯದಲ್ಲಿ ಕೆಲವು ಸ್ಟೇಷನ್‌ಗಳಲ್ಲಿ 50 ರೂಪಾಯಿವರೆಗೂ ಹೋಗಿತ್ತು. ಹೀಗೆ ಏರಿಸುವುದು ಇಡೀ ರಾಜ್ಯಕ್ಕೆ ಒಂದೇ ಸಲ ಅಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಮೂರೂ ನೈರುತ್ಯ ರೈಲ್ವೆಯ ಬೇರೆ ಬೇರೆ ವಿಭಾಗಗಳು. ಮಂಗಳೂರು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿದ್ದರೆ, ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ. ಹಾಗಾಗಿ "ಮೈಸೂರಲ್ಲಿ ಹತ್ತೇ ರೂಪಾಯಿ ಇತ್ತಲ್ಲ" ಅಂತ ಬೇರೆ ಊರಿನ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವುದರಲ್ಲಿ ಅರ್ಥವಿಲ್ಲ.

ತೆಗೆಯಲು ಮೂರು ದಾರಿ ಇವೆ.

ಕೌಂಟರ್: ರಿಸರ್ವೇಶನ್ ಇಲ್ಲದ ಟಿಕೆಟ್, ಅಂದರೆ ಜನರಲ್ ಟಿಕೆಟ್ ಕೊಡುವ ಕಿಟಕಿಯಲ್ಲೇ ಸಿಗುತ್ತದೆ. ರಿಸರ್ವೇಶನ್ ಕೌಂಟರಿನ ಸಾಲಿನಲ್ಲಿ ನಿಲ್ಲಬೇಡಿ. ಚಿಲ್ಲರೆ ಇಟ್ಟುಕೊಂಡಿರಿ. ಬೆಳಗ್ಗೆ, ಸಂಜೆ ಸಾಲು ಉದ್ದ ಇರುತ್ತದೆ. ನೀವು ಸಾಲಲ್ಲಿ ನಿಂತಿರುವಾಗ ಅಜ್ಜಿಯ ರೈಲು ಬಂದುಬಿಟ್ಟರೆ ಏನು ಮಾಡುವುದು? ಇದೇ ಕಾರಣಕ್ಕೆ ನಾನು ಉಳಿದ ಎರಡು ದಾರಿಗಳನ್ನು ಕಲಿತಿಟ್ಟುಕೊಳ್ಳಿ ಎನ್ನುತ್ತೇನೆ.

ಮಷೀನ್: ದೊಡ್ಡ ಸ್ಟೇಷನ್‌ಗಳಲ್ಲಿ ಎಟಿವಿಎಂ ಇರುತ್ತವೆ. ಟಿಕೆಟ್ಟನ್ನು ತಾನೇ ಅಚ್ಚು ಹಾಕಿ ಕೊಡುವ, ಪರದೆ ಮುಟ್ಟಿ ಬಳಸುವ ಯಂತ್ರ. ಪ್ಲಾಟ್‌ಫಾರಂ ಟಿಕೆಟ್ ಎನ್ನುವುದನ್ನು ಒತ್ತಿ, ಎಷ್ಟು ಜನ ಅಂತ ಆಯ್ಕೆ ಮಾಡಿ, ಯುಪಿಐ ಕ್ಯೂಆರ್ ಅಥವಾ ಸ್ಮಾರ್ಟ್ ಕಾರ್ಡ್‌ನಿಂದ ಹಣ ಕೊಟ್ಟರೆ ಚೀಟಿ ಹೊರಗೆ ಬರುತ್ತದೆ. ಬಹಳ ಕಡೆ ಯಂತ್ರದ ಪಕ್ಕ ರೈಲ್ವೆ ನೇಮಿಸಿದ ಒಬ್ಬ ಸಹಾಯಕರು ನಿಂತಿರುತ್ತಾರೆ, ಅವರಿಗೆ ಹೇಳಿದರೆ ತೆಗೆದುಕೊಡುತ್ತಾರೆ. ಚೀಟಿ ಕೈಗೆ ಬಂದ ಕೂಡಲೇ ಅದರಲ್ಲಿ "ಪ್ಲಾಟ್‌ಫಾರಂ" ಅಂತ ಇದೆಯಾ, ಜನರ ಸಂಖ್ಯೆ ಸರಿ ಇದೆಯಾ, ಸಮಯ ಎಷ್ಟು ಅಂತ ನೋಡಿಕೊಳ್ಳಿ.

ಮೊಬೈಲ್: ಮೊದಲು ಇದಕ್ಕೆ ಇದ್ದದ್ದು ಯುಟಿಎಸ್ ಆಪ್. 2025ರ ಜುಲೈ 1ರಂದು ರೈಲ್ವೆ ರೈಲ್‌ಒನ್ ಎಂಬ ಆಪ್ ತಂದಿತು. ಯುಟಿಎಸ್‌ನಲ್ಲಿ ಸಿಗುತ್ತಿದ್ದ ಜನರಲ್ ಮತ್ತು ಪ್ಲಾಟ್‌ಫಾರಂ ಟಿಕೆಟ್ ಅದರಲ್ಲೂ ಸಿಗುತ್ತವೆ. ಹೊಸದಾಗಿ ಹಾಕಿಕೊಳ್ಳುವವರು ರೈಲ್‌ಒನ್ ಹಾಕಿಕೊಳ್ಳಿ. ಇದನ್ನು ಮನೆಯಲ್ಲೇ ಮಾಡಿ. ಆಪ್ ಇಳಿಸಿ, ಮೊಬೈಲ್ ನಂಬರ್ ಕೊಟ್ಟು ನೋಂದಣಿ ಮುಗಿಸಿ, ಪಿನ್ ಇಟ್ಟುಕೊಂಡು, ಒಂದು ಸಲ ಒಳಗೆಲ್ಲ ನೋಡಿಕೊಂಡಿರಿ. ಗೇಟಿನ ಮುಂದೆ ಒಂದು ಕೈಯಲ್ಲಿ ಸೂಟ್‌ಕೇಸ್, ಇನ್ನೊಂದು ಕೈಯಲ್ಲಿ ಓಟಿಪಿ ಕಾಯುತ್ತಾ ನಿಂತವರ ಪಾಡು ಬೇಡ.

ಈಗ "ಆಗ್ತಾನೇ ಇಲ್ಲ" ಎನ್ನುವ ಪ್ರಶ್ನೆ. ಆಪ್ ನೀವು ಎಲ್ಲಿದ್ದೀರಿ ಎನ್ನುವುದನ್ನು ಜಿಪಿಎಸ್‌ನಿಂದ ನೋಡುತ್ತದೆ. ಪ್ಲಾಟ್‌ಫಾರಂ ಟಿಕೆಟ್ ಸಿಗಬೇಕಾದರೆ ಸ್ಟೇಷನ್ನಿಗೆ ಹತ್ತಿರ ಇರಬೇಕು. ಆದರೆ ಆಗಲೇ ಒಳಗೆ ಹೋಗಿ ಹಳಿಯ ಪಕ್ಕ ನಿಂತಿರಬಾರದು. ಟಿಸಿ ಬರುವುದನ್ನು ದೂರದಿಂದ ನೋಡಿ ಅವಸರದಲ್ಲಿ ಟಿಕೆಟ್ ತೆಗೆಯುವವರನ್ನು ತಡೆಯಲೆಂದೇ ಹೀಗೆ ಮಾಡಿದ್ದಾರೆ. ಹಾಗಾಗಿ ಮನೆಯಲ್ಲಿ ಕೂತು ತೆಗೆಯಲು ಹೋದರೂ ಆಗುವುದಿಲ್ಲ, ಪ್ಲಾಟ್‌ಫಾರಂ ಮೇಲೆ ನಿಂತು ತೆಗೆಯಲು ಹೋದರೂ ಆಗುವುದಿಲ್ಲ. ಸ್ಟೇಷನ್ ಹೊರಗಿನ ಅಂಗಳವೋ, ಆಟೋ ನಿಲ್ಲುವ ಜಾಗವೋ ಸರಿ. ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಟಿಕೆಟ್ ಕೌಂಟರ್ ಇರುವ ಹಾಲ್‌ನಲ್ಲಿ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಕಂಡರೆ, ಆಪ್‌ನಲ್ಲೇ ಅದನ್ನು ಸ್ಕ್ಯಾನ್ ಮಾಡಿ ತೆಗೆಯಬಹುದು. ಒಳಗೆ ಜಿಪಿಎಸ್ ತೊಂದರೆ ಕೊಡುವಾಗ ಇದು ಕೈಹಿಡಿಯುತ್ತದೆ.

ಮೊಬೈಲ್ ಟಿಕೆಟ್‌ನಲ್ಲಿ ಎಚ್ಚರ ಇರಬೇಕಾದವು:

- ಟಿಕೆಟ್ಟನ್ನು ಆಪ್ ತೆರೆದೇ ತೋರಿಸಬೇಕು. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ವಾಟ್ಸಾಪ್‌ನಲ್ಲಿ ಮಗ ಕಳಿಸಿದ ಫೋಟೋ ಅಂತೂ ಲೆಕ್ಕಕ್ಕೇ ಇಲ್ಲ.
- ಬ್ಯಾಟರಿ ಸತ್ತರೆ ಟಿಕೆಟೂ ಸತ್ತ ಹಾಗೆ. ಚಾರ್ಜ್ ಕಡಿಮೆ ಇದ್ದರೆ ಕಾಗದದ ಟಿಕೆಟ್ಟೇ ತೆಗೆದುಕೊಳ್ಳಿ.
- ಇಬ್ಬರು ಮೂವರಿಗೆ ಒಟ್ಟಿಗೆ ತೆಗೆದರೆ ಅದು ಒಂದೇ ಫೋನಿನಲ್ಲಿ ಇರುತ್ತದೆ. ಒಬ್ಬರು ನೀರು ತರಲು ಹೋಗಿ ಅಲ್ಲಿ ತಪಾಸಣೆಗೆ ಸಿಕ್ಕರೆ ತೋರಿಸಲು ಅವರ ಬಳಿ ಏನೂ ಇರುವುದಿಲ್ಲ. ಬೇರೆ ಬೇರೆ ಕಡೆ ಓಡಾಡುವುದಿದ್ದರೆ ಬೇರೆ ಬೇರೆಯಾಗಿಯೇ ತೆಗೆಯಿರಿ.
- ಈ ಟಿಕೆಟ್ ಕ್ಯಾನ್ಸಲ್ ಮಾಡಿ ಹಣ ವಾಪಸ್ ಪಡೆಯುವ ಹಾಗಿಲ್ಲ.

ಹಂತ 4: ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಹೋಗಿ ನಿಲ್ಲಿ

ಜತೆಗೆ ಹೋದದ್ದಕ್ಕೆ ನಿಜವಾಗಿ ಉಪಯೋಗವಾಗುವುದು ಇಲ್ಲಿಯೇ. ಪ್ಲಾಟ್‌ಫಾರಂ ಉದ್ದಕ್ಕೂ ಮೇಲೆ ಸಣ್ಣ ಸಣ್ಣ ಡಿಸ್‌ಪ್ಲೇ ಬೋರ್ಡ್‌ಗಳು ತೂಗುತ್ತಿರುತ್ತವೆ. ರೈಲು ಬರುವ ಸ್ವಲ್ಪ ಮೊದಲು ಅವುಗಳಲ್ಲಿ ಎಸ್4, ಬಿ2 ಅಂತ ಬೋಗಿ ಸಂಖ್ಯೆ ಬರುತ್ತದೆ. ಎಸ್ ಅಂದರೆ ಸ್ಲೀಪರ್, ಬಿ ಅಂದರೆ ಮೂರು ಹಂತದ ಎಸಿ, ಎ ಅಂದರೆ ಎರಡು ಹಂತದ ಎಸಿ, ಡಿ ಅಂದರೆ ಹಗಲು ಕೂತು ಹೋಗುವ ಬೋಗಿ. ನಿಮ್ಮವರ ಬೋಗಿ ಸಂಖ್ಯೆ ಕಾಣುವ ಬೋರ್ಡಿನ ಕೆಳಗೆ ಲಗೇಜ್ ಇಟ್ಟು ನಿಂತರೆ ಮುಗಿಯಿತು. ರೈಲು ಬಂದ ಮೇಲೆ ಓಡುವ ಪ್ರಮೇಯವೇ ಇಲ್ಲ.

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಇದೆ, ಜಗತ್ತಿನಲ್ಲೇ ಅತಿ ಉದ್ದದ್ದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರ್. ಮಂಡಿ ನೋವಿರುವ ಹಿರಿಯರನ್ನು ಅಲ್ಲಿ ತಪ್ಪು ತುದಿಗೆ ಕರೆದುಕೊಂಡು ಹೋದರೆ ಏನಾಗಬಹುದು, ಯೋಚಿಸಿ.

ನಡೆಯಲು ಆಗದವರಿಗೆ ಸ್ಟೇಷನ್‌ನಲ್ಲಿ ವೀಲ್‌ಚೇರ್ ಇರುತ್ತದೆ. ಸ್ಟೇಷನ್ ಮಾಸ್ಟರ್ ಕಚೇರಿಯಲ್ಲೋ ವಿಚಾರಣೆ ಕೌಂಟರಿನಲ್ಲೋ ಕೇಳಿ. ಕುರ್ಚಿಗೆ ಹಣವಿಲ್ಲ, ತಳ್ಳಲು ಪೋರ್ಟರ್ ಬೇಕಾದರೆ ಅವರ ಕೂಲಿ ಬೇರೆ. ಕೆಲವು ದೊಡ್ಡ ಸ್ಟೇಷನ್‌ಗಳಲ್ಲಿ ಹಣ ಕೊಟ್ಟು ಹೋಗುವ ಬ್ಯಾಟರಿ ಗಾಡಿಗಳೂ ಇವೆ. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಹಿರಿಯರಿದ್ದರೆ ರೈಲಿಗೆ ಒಂದು ಗಂಟೆ ಮುಂಚೆಯೇ ತಲುಪಿ. ಪೋರ್ಟರ್ ಜತೆ ದುಡ್ಡಿನ ಮಾತು ಲಗೇಜ್ ಎತ್ತುವ ಮೊದಲೇ ಮುಗಿಯಲಿ.

ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ಹೋಗಲು ಮೇಲ್ಸೇತುವೆ, ಸುರಂಗದಾರಿ, ಲಿಫ್ಟ್ ಬಳಸಿ. ಎದುರಿನ ಪ್ಲಾಟ್‌ಫಾರಂ ಹತ್ತು ಹೆಜ್ಜೆಯಲ್ಲಿ ಕಂಡರೂ ಹಳಿಗೆ ಇಳಿಯಬೇಡಿ. ಕೊನೇ ಗಳಿಗೆಯಲ್ಲಿ ಪ್ಲಾಟ್‌ಫಾರಂ ಬದಲಾಯಿತು ಅಂತ ಮೈಕಿನಲ್ಲಿ ಕೂಗಿದಾಗಲೇ ಜನ ಈ ತಪ್ಪು ಮಾಡುವುದು. ಹಾಗೇನಾದರೂ ಕೂಗಿದರೆ ಮೊದಲು ಹಿರಿಯರ ಕೈ ಹಿಡಿದುಕೊಳ್ಳಿ, ಲಗೇಜ್ ಆಮೇಲೆ.

ವೇಟಿಂಗ್ ರೂಂ ಇರುವುದು ಪ್ರಯಾಣಿಕರಿಗೆ. ಪ್ಲಾಟ್‌ಫಾರಂ ಟಿಕೆಟ್ ಹಿಡಿದು ಅಲ್ಲಿ ಕುರ್ಚಿ ಹಿಡಿಯಬೇಡಿ.

ಹಂತ 5: ರೈಲು ಬಂದಾಗ

ಪ್ಲಾಟ್‌ಫಾರಂ ಅಂಚಿನ ಹಳದಿ ಪಟ್ಟಿಯಿಂದ ಹಿಂದೆ ನಿಲ್ಲಿ. ಇಳಿಯುವವರು ಇಳಿಯಲಿ. ಆಮೇಲೆ ನಿಮ್ಮವರು ಹತ್ತಲಿ, ನೀವು ಕೆಳಗಿನಿಂದ ಲಗೇಜ್ ಕೊಡಿ.

ಪ್ಲಾಟ್‌ಫಾರಂ ಟಿಕೆಟ್ ಪ್ಲಾಟ್‌ಫಾರಂಗೆ ಮಾತ್ರ, ಬೋಗಿಯೊಳಗೆ ಅಲ್ಲ. ತೀರಾ ವಯಸ್ಸಾದವರನ್ನು ಸೀಟಿನವರೆಗೆ ಬಿಟ್ಟು ಬರಲೇಬೇಕು ಎನ್ನುವುದು ನನಗೂ ಅರ್ಥವಾಗುತ್ತದೆ. ರೈಲು ಅಲ್ಲಿಂದಲೇ ಹೊರಡುವುದಾಗಿದ್ದು, ಇನ್ನೂ ಸಾಕಷ್ಟು ಹೊತ್ತಿದ್ದರೆ ಬೇಗ ಹೋಗಿ ಬೇಗ ಇಳಿದುಬಿಡಿ. ನಡುವಿನ ಸ್ಟೇಷನ್ ಆಗಿದ್ದು ಎರಡು ಮೂರು ನಿಮಿಷ ಮಾತ್ರ ನಿಲ್ಲುವ ರೈಲಾದರೆ ಹತ್ತಲೇಬೇಡಿ. ಅದೇ ಬೋಗಿಗೆ ಹತ್ತುತ್ತಿರುವ ಯಾರಿಗಾದರೂ "ಇವರನ್ನು ಸ್ವಲ್ಪ ಸೀಟಿಗೆ ಕೂರಿಸಿಬಿಡಿ" ಅನ್ನಿ. ಇಲ್ಲ ಅನ್ನುವವರು ಕಡಿಮೆ.

ವಂದೇ ಭಾರತ್ ವಿಷಯದಲ್ಲಿ ಒಂದು ಗಟ್ಟಿ ಎಚ್ಚರಿಕೆ. ಬೆಂಗಳೂರಿನಿಂದ ಧಾರವಾಡ, ಬೆಳಗಾವಿ ಕಡೆಗೆ, ಮೈಸೂರಿನಿಂದ ಚೆನ್ನೈಗೆ ಓಡುವ ಈ ರೈಲುಗಳ ಬಾಗಿಲು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮುಚ್ಚಿದ ಮೇಲೆ ಒಳಗಿನಿಂದ ತಳ್ಳಿದರೂ ತೆರೆಯುವುದಿಲ್ಲ. ಬ್ಯಾಗ್ ಇಡಲು, ಫೋಟೋ ತೆಗೆಯಲು ಅಂತ ಒಳಗೆ ಹೋದವರು ಬಾಗಿಲು ಮುಚ್ಚಿ ಮುಂದಿನ ಸ್ಟೇಷನ್‌ವರೆಗೆ ಹೋದದ್ದು ಉಂಟು. 2023ರ ಜನವರಿಯಲ್ಲಿ ಆಂಧ್ರದ ರಾಜಮಂಡ್ರಿಯಲ್ಲಿ ಸೆಲ್ಫಿಗಾಗಿ ಹತ್ತಿದ ಒಬ್ಬರು ವಿಜಯವಾಡದವರೆಗೂ ಹೋಗಬೇಕಾಯಿತು.

ಬೇರೆ ರೈಲಿನಲ್ಲಿ ನೀವು ಒಳಗಿರುವಾಗಲೇ ಹೊರಟುಬಿಟ್ಟರೆ ದಯವಿಟ್ಟು ಹಾರಬೇಡಿ. ನಿಧಾನವಾಗಿ ಹೋಗುತ್ತಿದೆ ಅನ್ನಿಸುವ ರೈಲೂ ಕಾಲು ನೆಲಕ್ಕೆ ತಾಗಿದ ಕ್ಷಣ ನಿಮ್ಮನ್ನು ಎಳೆದು ಬೀಳಿಸುತ್ತದೆ. ಬೀಳುವುದು ಪ್ಲಾಟ್‌ಫಾರಂಗೂ ಬೋಗಿಗೂ ನಡುವಿನ ಸಂದಿಗೆ. ಸುಮ್ನೆ ಒಳಗೇ ಇದ್ದು, ನೀವಾಗಿಯೇ ಟಿಟಿಇ ಅವರನ್ನು, ಅಂದರೆ ಬೋಗಿಯಲ್ಲಿ ಟಿಕೆಟ್ ನೋಡುವವರನ್ನು, ಹುಡುಕಿ ವಿಷಯ ಹೇಳಿ. ಚಾರ್ಜು ಮತ್ತು 250 ರೂಪಾಯಿ ಕಟ್ಟಬೇಕಾಗಬಹುದು. ನೀವು ಯಾವ ಸ್ಟೇಷನ್‌ನಲ್ಲಿ ಹತ್ತಿದಿರಿ ಎನ್ನುವುದಕ್ಕೆ ಆಗ ಪ್ಲಾಟ್‌ಫಾರಂ ಟಿಕೆಟ್ ಸಾಕ್ಷಿಯಾಗುತ್ತದೆ. ಲೆಕ್ಕ ಅಲ್ಲಿಂದ ಶುರುವಾಗುತ್ತದೆ, ರೈಲು ಹೊರಟ ಮೂಲ ಸ್ಟೇಷನ್‌ನಿಂದ ಅಲ್ಲ.

"ಪ್ಲಾಟ್‌ಫಾರಂ ಟಿಕೆಟ್‌ನಲ್ಲೇ ರೈಲಲ್ಲಿ ಹೋಗಬಹುದಂತೆ" ಅಂತ ಹರಿದಾಡುವ ಮೆಸೇಜ್‌ನ ಮೂಲ ಇದೇ. ಇರುವುದು ಇಷ್ಟೇ: ಅನಿವಾರ್ಯವಾಗಿ ಹತ್ತಿದವರು ದಂಡ, ಚಾರ್ಜು ಎರಡೂ ಕಟ್ಟಿ ಹೋಗುತ್ತಾರೆ. ಅದನ್ನು ಅಗ್ಗದ ಪ್ರಯಾಣ ಅಂದುಕೊಂಡು ಯಾರೂ ಹತ್ತಬೇಡಿ. ಸೀಟಿನ ಖಾತ್ರಿಯೂ ಇರುವುದಿಲ್ಲ.

ಹಂತ 6: ಗೇಟು ದಾಟುವವರೆಗೆ ಟಿಕೆಟ್ ಎಸೆಯಬೇಡಿ

ತಪಾಸಣೆ ಜಾಸ್ತಿ ನಡೆಯುವುದು ಹೊರಗೆ ಬರುವಾಗ, ಅದರಲ್ಲೂ ಒಂದು ರೈಲು ಆಗಷ್ಟೇ ಬಂದಿರುವಾಗ. ರೈಲು ಹೋಯಿತು, ಕೆಲಸ ಮುಗಿಯಿತು ಅಂತ ಚೀಟಿ ಮುದುರಿ ಎಸೆದರೆ ಗೇಟಿನಲ್ಲಿ ತೋರಿಸಲು ಏನೂ ಇರುವುದಿಲ್ಲ. ಕರೆದುಕೊಂಡು ಬರುವವರು ಬಂದವರ ಟಿಕೆಟ್ಟನ್ನೂ ಕೈಗೆ ತೆಗೆದಿಟ್ಟುಕೊಳ್ಳಲು ಹೇಳಿ.

ಮಾರಾಟ ನಿಲ್ಲಿಸಿದ್ದರೆ ಏನು ಮಾಡುವುದು?

ದೀಪಾವಳಿ, ದಸರಾ, ಬೇಸಿಗೆ ರಜೆಯಂಥ ದಿನಗಳಲ್ಲಿ ಕೆಲವು ಸ್ಟೇಷನ್‌ಗಳು ಪ್ಲಾಟ್‌ಫಾರಂ ಟಿಕೆಟ್ ಕೊಡುವುದನ್ನೇ ನಿಲ್ಲಿಸುತ್ತವೆ. ಇದಕ್ಕೆ ಕೋಪ ಮಾಡಿಕೊಳ್ಳುವವರಿಗೆ ಒಂದು ಘಟನೆ ನೆನಪಿಸಬೇಕು. 2025ರ ಫೆಬ್ರವರಿ 15ರ ರಾತ್ರಿ, ಕುಂಭಮೇಳದ ಹೊತ್ತಲ್ಲಿ, ನವದೆಹಲಿ ನಿಲ್ದಾಣದಲ್ಲಿ ಕಾಲ್ತುಳಿತವಾಗಿ 18 ಜನ ಸತ್ತರು. ಅದಾದ ಮೇಲೆ ದೇಶದ 73 ದಟ್ಟಣೆಯ ಸ್ಟೇಷನ್‌ಗಳಲ್ಲಿ ಒಳಬರುವವರ ನಿಯಂತ್ರಣ ಮಾಡಲು, ಕನ್ಫರ್ಮ್ ಟಿಕೆಟ್ ಇರುವವರನ್ನು ಮಾತ್ರ ನೇರವಾಗಿ ಪ್ಲಾಟ್‌ಫಾರಂಗೆ ಬಿಡಲು, ಉಳಿದವರಿಗೆ ಹೊರಗೆ ಕಾಯುವ ಜಾಗ ಮಾಡಲು ರೈಲ್ವೆ ತೀರ್ಮಾನಿಸಿತು. ಮೆಟ್ಟಿಲ ಮೇಲೆ ಒಬ್ಬರು ಬಿದ್ದರೆ ಹಿಂದಿನ ನೂರು ಜನರಿಗೆ ಅದು ಕಾಣುವುದಿಲ್ಲ. ಬೀಳ್ಕೊಡಲು ಬಂದವರು ಹೊರಗೇ ನಿಂತರೆ ಆ ಮೆಟ್ಟಿಲಿನಲ್ಲಿ ಅಷ್ಟು ಜನ ಕಡಿಮೆ.

ಹಾಗಂತ ನಿಜವಾಗಿ ಸಹಾಯ ಬೇಕಾದವರನ್ನು ಒಬ್ಬರೇ ಕಳಿಸಬೇಕಾಗಿಲ್ಲ. ಮಾರಾಟ ನಿಲ್ಲಿಸಿದಾಗಲೂ ಹಿರಿಯರು, ಕಾಯಿಲೆಯವರು, ಅಂಗವಿಕಲರ ಜತೆ ಬಂದವರಿಗೆ ಸಾಮಾನ್ಯವಾಗಿ ವಿನಾಯಿತಿ ಕೊಡುತ್ತಾರೆ. ಗೇಟಿನಲ್ಲಿ ವಾದ ಮಾಡುವ ಬದಲು ನೇರವಾಗಿ ಸ್ಟೇಷನ್ ಮಾಸ್ಟರ್ ಅಥವಾ ಕೌಂಟರಿನ ಮೇಲ್ವಿಚಾರಕರ ಬಳಿ ಹೋಗಿ, ಪ್ರಯಾಣಿಸುವವರ ಟಿಕೆಟ್ ತೋರಿಸಿ, ಒಬ್ಬರಿಗೆ ಮಾತ್ರ ಅಂತ ಕೇಳಿ. ಅವರನ್ನೂ ಜತೆಗೆ ಕರೆದುಕೊಂಡು ಹೋದರೆ ಮಾತು ಬೇಗ ಮುಗಿಯುತ್ತದೆ.

ಅದೂ ಆಗದಿದ್ದರೆ ಪೋರ್ಟರ್ ಮಾಡಿ. ಸೀಟಿನವರೆಗೆ ಬಿಟ್ಟು ಬರಲು ಹೇಳಿ, ಬೋಗಿ ಮತ್ತು ಸೀಟ್ ನಂಬರನ್ನು ಕಾಗದದಲ್ಲಿ ದೊಡ್ಡದಾಗಿ ಬರೆದು ಪ್ರಯಾಣಿಕರ ಕೈಗೆ ಕೊಡಿ. ಒಬ್ಬರೇ ಹೊರಟ ಹೆಣ್ಣುಮಕ್ಕಳಿದ್ದರೆ ಆರ್‌ಪಿಎಫ್‌ನವರಿಗೆ, ಅಂದರೆ ರೈಲ್ವೆ ರಕ್ಷಣಾ ಪಡೆಯವರಿಗೆ, ಹೇಳಿಡಿ. ಒಬ್ಬರೇ ಪ್ರಯಾಣಿಸುವ ಮಹಿಳೆಯರಿಗಾಗಿ 2020ರಿಂದ "ಮೇರಿ ಸಹೇಲಿ" ಎಂಬ ಅವರ ತಂಡಗಳಿವೆ. ರೈಲಿನೊಳಗೆ ಏನೇ ತೊಂದರೆಯಾದರೂ 139ಕ್ಕೆ ಕರೆ ಮಾಡಬಹುದು. ಆ ನಂಬರನ್ನು ನಿಮ್ಮವರ ಫೋನಿನಲ್ಲಿ ಹೊರಡುವ ಮೊದಲೇ ಸೇವ್ ಮಾಡಿಕೊಡಿ.